ಚೀಲ ಬೇಕು, ಹೊರುವವಳು ಬೇಡ

ಶಿವಬಸವ್ವನ ಸಿಟ್ಟಿನ ಬಗ್ಗೆ ಪುಣೆಯ ಖಡಕಿಯ ನಮ್ಮ ಚಾಳಿನಲ್ಲಿ ಬಹಳ ಮಾತಿತ್ತು. ಹಾಲಿನವನು ಅವಳ ಮನೆಯ ಮುಂದೆ ಅಳತೆ ತಪ್ಪುತ್ತಿರಲಿಲ್ಲ. ಬಸ್ಸಿನ ಕಂಡಕ್ಟರು ಅವಳಿಗೆ ಚಿಲ್ಲರೆ ಇಲ್ಲ ಅನ್ನುತ್ತಿರಲಿಲ್ಲ. ಹೆಣ್ಣುಮಗಳಿಗೆ ಇಷ್ಟು ಸಿಟ್ಟು ಒಳ್ಳೆಯದಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಅವಳಿಗೆ ಬೇಗ ಸಿಟ್ಟು ಬರುತ್ತಿತ್ತು ಅನ್ನುವುದು ನಿಜ. ಸುಮ್ಮಸುಮ್ಮನೆ ಬಂದದ್ದನ್ನು ಮಾತ್ರ ನಾನು ನೋಡಿಲ್ಲ.

ನಾವಿಬ್ಬರೂ ಪುಣೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸಿ ಕೊಡುವ ಆಪರೇಟರುಗಳು. ಅವಳ ಅಪ್ಪ ಫಕೀರಪ್ಪ ರೋಣ ತಾಲೂಕಿನವರು. ಖಡಕಿಯ ಮಿಲಿಟರಿ ಡಿಪೋದಲ್ಲಿ ಸ್ಟೋರ್‌ಕೀಪರ್ ಆಗಿ ಬಂದು ಇಲ್ಲಿಯೇ ಉಳಿದವರು. ತಾಯಿ ಬೇಗ ತೀರಿಕೊಂಡಿದ್ದರಿಂದ ಮನೆಯ ಒಲೆ ಶಿವಬಸವ್ವನ ಪಾಲಿಗೆ ಬಂದಿತ್ತು. ಇಬ್ಬರು ತಮ್ಮಂದಿರನ್ನು ಓದಿಸಿ ನೌಕರಿಗೆ ಹಚ್ಚಿದಳು. ತನ್ನನ್ನು ನೋಡಲು ಬಂದ ಗಂಡುಗಳಲ್ಲಿ ಒಬ್ಬ ನೌಕರಿ ಬಿಡು ಅಂದ, ಇನ್ನೊಬ್ಬ ಪಗಾರ ತನ್ನ ಕೈಗೆ ಕೊಡು ಅಂದ. ಇಬ್ಬರಿಗೂ ಚಹಾ ಕೊಟ್ಟು ಕಳಿಸಿದಳು. ಹೀಗೆ 1978ರ ಹೊತ್ತಿಗೆ ಅವಳಿಗೆ ಮೂವತ್ತು ಹತ್ತಿರ ಬಂದಿತ್ತು.

ದಿನವಿಡೀ ಬೋರ್ಡಿನ ಮುಂದೆ ಕುಳಿತು ಅವಳಿಗೆ ಬೆನ್ನುನೋವು ಹಿಡಿಯಿತು. ಕ್ಯಾಂಪ್ ಎಂಬ ದಂಡಿನ ಪೇಟೆಯ ಡಾಕ್ಟರು ನಡೆಯಲು ಹೇಳಿದರು. ನಮ್ಮ ಜೊತೆಗೇ ಕೆಲಸ ಮಾಡುತ್ತಿದ್ದ ಸುಲಭಾ ಎಂಬ ಮರಾಠಿ ಹುಡುಗಿ ಒಂದು ಚಾರಣ ಮಂಡಳದ ಸದಸ್ಯೆ. ಅವಳು ಒಂದು ಭಾನುವಾರ ಶಿವಬಸವ್ವನನ್ನು ಸಿಂಹಗಡದ ಕೋಟೆಗೆ ಕರೆದುಕೊಂಡು ಹೋದಳು. ಮರುದಿನ ಡ್ಯೂಟಿಗೆ ಬಂದಾಗ ಶಿವಬಸವ್ವನ ಮುಖವೇ ಬೇರೆಯಾಗಿತ್ತು.

"ಕಲ್ಲವ್ವಾ, ಮ್ಯಾಲ ನಿಂತಾಗ ಏನ್ ಅನಿಸ್ತು ಗೊತ್ತದ? ನನ್ನ ಕಿವ್ಯಾಗ ಯಾರೂ 'ಹಲೋ ಹಲೋ' ಅನ್ನಲಿಲ್ಲ ನೋಡ" ಅಂದಳು.

ಮುಂದಿನ ವಾರವೇ ವರ್ಗಣಿ, ಅಂದರೆ ಚಂದಾ, ಕೊಟ್ಟು ಮಂಡಳ ಸೇರಿದಳು. ಮಳೆಗಾಲ ಮುಗಿಯುವುದರೊಳಗೆ ಸುತ್ತಲಿನ ನಾಲ್ಕಾರು ಕೋಟೆ ಹತ್ತಿ ಇಳಿದಳು. ಬೆನ್ನುನೋವು ಎಲ್ಲಿ ಹೋಯಿತೋ.

ದಸರೆಯ ನಂತರ ಮಂಡಳದ ಕಾರ್ಯದರ್ಶಿ ಚಾಂದೋರಕರರು ಒಂದು ಸುದ್ದಿ ಹೇಳಿದರು. ಅವರು ಬ್ಯಾಂಕಿನಲ್ಲಿ ಅಧಿಕಾರಿ, ಮಾತು ಬಲ್ಲವರು. ಮುಂದಿನ ಮೇ ತಿಂಗಳು ಮಂಡಳದವರು ಹಿಮಾಲಯದ ಎತ್ತರದ ಒಂದು ಕಣಿವೆದಾರಿ ದಾಟುವುದು, ಪ್ರತಿಯೊಬ್ಬರೂ ತಮ್ಮ ಸಾಮಾನು ತಾವೇ ಹೊರುವುದು. ಅದಕ್ಕೆ ಜನವರಿಯಲ್ಲಿ ಪರೀಕ್ಷೆ: ಹದಿನೈದು ಕಿಲೋ ಬೆನ್ನಿಗೆ ಹಾಕಿಕೊಂಡು ಸಿಂಹಗಡ ಹತ್ತಬೇಕು. "ಹತ್ತಿದವರು ಬರುತ್ತಾರೆ, ಹತ್ತದವರು ಇಲ್ಲ. ಗಂಡು ಹೆಣ್ಣು ಅನ್ನುವ ಭೇದ ನಮ್ಮಲ್ಲಿಲ್ಲ" ಎಂದು ಅವರೇ ಎಲ್ಲರ ಮುಂದೆ ಹೇಳಿದರು. ಶಿವಬಸವ್ವ ಆ ಮಾತನ್ನು ನಂಬಿದಳು.

ಭಾರ ಹೊತ್ತು ಅಭ್ಯಾಸ ಮಾಡಲು ಬೆನ್ನುಚೀಲ ಬೇಕು. ಪುಣೆಯ ಗುಡ್ಡ ಹತ್ತುವ ಮಂದಿ ಅದಕ್ಕೆ ಸ್ಯಾಕ್ ಅನ್ನುತ್ತಾರೆ. ಮಂಡಳದ ಕಪಾಟಿನಲ್ಲಿ ಒಳ್ಳೆಯ ಸ್ಯಾಕುಗಳಿದ್ದವು, ಎಲ್ಲರ ವರ್ಗಣಿಯಿಂದ ಕೊಂಡವು. ಅವಳು ಒಂದನ್ನು ಕೇಳಿದಳು. ಅವೆಲ್ಲ ಹುಡುಗರಿಗೆ ಹೋಗಿವೆ, ನಿಮ್ಮ ಅಳತೆಯವು ಇಲ್ಲ ಎಂದರು ಚಾಂದೋರಕರರು.

"ವರ್ಗಣಿ ತಗೊಳ್ಳುವಾಗ ನನ್ನ ಅಳತಿ ನೋಡಿದ್ರೇನು?" ಎಂದು ನನ್ನ ಮುಂದೆ ಕೂಗಾಡಿದಳು. ಆದರೆ ಅವರ ಮುಂದೆ ಆಗ ಸುಮ್ಮನಿದ್ದಳು. ಹೊಸ ಸದಸ್ಯೆ, ಮೊದಲೇ ಜಗಳ ಯಾಕೆ ಅಂದುಕೊಂಡಿದ್ದಳೇನೋ.

ನಾವಿಬ್ಬರೂ ಕ್ಯಾಂಪಿಗೆ ಹೋದೆವು. ಒಂದು ಅಂಗಡಿಯವನು ಹಸಿರು ಬಣ್ಣದ ಚೀಲ ತೆಗೆದು ತೋರಿಸಿ, ಅಸಲಿ ಮಿಲಿಟರಿ ಮಾಲು, ಸಿಪಾಯಿಗಳು ಇದರಲ್ಲಿ ಇಪ್ಪತ್ತೈದು ಕಿಲೋ ಹೊರುತ್ತಾರೆ ಎಂದ. ಕೊಂಡೆವು. ಫಕೀರಪ್ಪ ಕಾಕಾ ಅದನ್ನು ಕೈಯಲ್ಲಿ ಹಿಡಿದು ಹೊರಳಿಸಿ ನೋಡಿ, "ಇಂಥಾ ಹೊಲಿಗಿ ಯಾವ ಮಿಲಿಟರಿಯೊಳಗೂ ಇಲ್ಲವಾ" ಅಂದರು. ಅವರಿಗೆ ಮಗಳ ಈ ಓಡಾಟವೇ ಇಷ್ಟವಿರಲಿಲ್ಲ. ಅದಕ್ಕೇ ಹಾಗೆ ಅನ್ನುತ್ತಾರೆ ಅಂದುಕೊಂಡೆವು.

ಅವಳು ಹಳೆಯ ಕೌದಿಯ ತುಂಡುಗಳಲ್ಲಿ ಕಲ್ಲು ಸುತ್ತಿ ಚೀಲಕ್ಕೆ ತುಂಬಿದಳು. ಬೆಳಿಗ್ಗೆ ಎದ್ದು ಚತುಃಶೃಂಗಿ ದೇವಿಯ ಗುಡ್ಡದ ಮೆಟ್ಟಿಲು ಹತ್ತುವುದು, ಇಳಿಯುವುದು, ಆಮೇಲೆ ಡ್ಯೂಟಿ. ಎರಡನೆಯ ವಾರವೇ, ಅರ್ಧ ಮೆಟ್ಟಿಲು ಹತ್ತಿದಾಗ, ಹೆಗಲಪಟ್ಟಿ ಬುಡಸಹಿತ ಕಿತ್ತು ಬಂತು. ಅವಳು ವಾಲಿ ಬಿದ್ದಳು. ಚೀಲದ ಬಾಯಿ ಬಿಚ್ಚಿ ಕಲ್ಲುಗಳು ಕೆಳಗೆ ಉರುಳಿದವು. ದೇವಿಗೆ ಹೂವು ಹಿಡಿದು ಬರುತ್ತಿದ್ದ ಒಬ್ಬ ಮುದುಕಿಯ ಕಾಲು ಕೂದಲೆಳೆಯಲ್ಲಿ ಉಳಿಯಿತು. ಆ ಮುದುಕಿ ಹೆದರಿಕೆ ಇಳಿದ ಮೇಲೆ, "ಏನು ಬಾಯಿ, ದೇವಿಗೆ ಕಲ್ಲಿನ ಹರಕೆ ಹೊತ್ತಿದ್ದೀಯಾ?" ಎಂದು ಕೇಳಿದಳಂತೆ. ಸುತ್ತ ನಿಂತವರು ನಕ್ಕರು. ಶಿವಬಸವ್ವನ ಮೊಣಕಾಲು ಸುಲಿದು ರಕ್ತ ಸೋರುತ್ತಿತ್ತು. ಒಬ್ಬರೂ ಕೈಹಿಡಿದು ಎಬ್ಬಿಸಲಿಲ್ಲ.

ಅವಳು ಕಲ್ಲುಗಳನ್ನು ಆರಿಸಿ ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದಳು. ಸಂಜೆ ನನ್ನನ್ನು ಎಳೆದುಕೊಂಡು ಆ ಅಂಗಡಿಗೆ ಹೋದಳು. ಹರಿದ ಚೀಲವನ್ನು ಗಲ್ಲಾ ಮೇಜಿನ ಮೇಲೆ ಇಟ್ಟು, ಅದರ ಪಕ್ಕದಲ್ಲಿ ಕಲ್ಲುಗಳನ್ನು ಒಂದೊಂದಾಗಿ ಜೋಡಿಸಿದಳು.

"ಬಾಯೀ, ಇದು ಬಟ್ಟೆ ಒಯ್ಯುವ ಚೀಲ. ಕಲ್ಲು ತುಂಬಲು ಯಾರು ಹೇಳಿದರು?" ಎಂದ ಅಂಗಡಿಯವನು.

"ಕೊಳ್ಳುವಾಗಲೇ ಕೇಳಿದ್ದೆ. ಸಿಪಾಯಿಗಳು ಹೊರುತ್ತಾರೆ ಅಂದಿರಲ್ಲ?" ಇವಳು ಮರಾಠಿಯಲ್ಲಿ ಕೇಳಿದಳು.

"ಸಿಪಾಯಿಗಳು ಗಂಡಸರು. ಹೆಂಗಸರ ನಡಿಗೆ ಓರೆ ಇರುತ್ತದೆ, ಪಟ್ಟಿ ಎಳೆಯುತ್ತದೆ."

"ನನ್ನ ನಡಿಗೆಯಿಂದ ನಿಮ್ಮ ದಾರ ಹರಿಯಿತೇ? ದಾರ ನೋಡಿರಿ, ಹೂ ಕಟ್ಟುವ ದಾರ. ಒಂದೇ ಸಾಲು ಹೊಲಿಗೆ. ಇದಕ್ಕೆ ಮಿಲಿಟರಿ ಅನ್ನಲು ನಾಚಿಕೆ ಬರಲಿಲ್ಲವೇ? ನನ್ನ ಮೊಣಕಾಲು ಹೋಗಲಿ, ಆ ಮುದುಕಿಯ ತಲೆಗೆ ಬಿದ್ದಿದ್ದರೆ?"

ಅವನು ಚೀಲ ವಾಪಸು ತೆಗೆದುಕೊಳ್ಳಲಿಲ್ಲ. ಬೇಕಾದರೆ ಹೊಲಿಸಿಕೊಡುತ್ತೇನೆ, ತರಕಾರಿ ತರಲು ಆದೀತು ಎಂದ. ಅವಳು ಆ ಚೀಲವನ್ನು ಅಲ್ಲಿಯೇ ಬಿಟ್ಟಳು. ಕಲ್ಲುಗಳನ್ನು ಮಾತ್ರ ತೆಗೆದುಕೊಂಡಳು.

ಅಂದಿನಿಂದ ಅವಳ ಚೀಲ ಹುಡುಕುವ ರೀತಿಯೇ ಬದಲಾಯಿತು. ಕಲ್ಲುಗಳನ್ನು ಒಂದು ಗೋಣಿಚೀಲದಲ್ಲಿ ಹಾಕಿ ಜೊತೆಗೆ ಒಯ್ಯುತ್ತಿದ್ದಳು. ನಾನೊಂದು ತುದಿ ಹಿಡಿಯಬೇಕು. ಅಂಗಡಿಯವರು ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಚೀಲ ಇಸಿದುಕೊಂಡು ಒಳಮಗ್ಗುಲು ಹೊರಗೆ ಮಾಡಿ, ಪಟ್ಟಿ ಕೂಡುವ ಜಾಗದಲ್ಲಿ ಚರ್ಮದ ತುಂಡು ಇಟ್ಟು ಹೊಲಿದಿದ್ದಾರೋ ಇಲ್ಲವೋ ನೋಡುವಳು. ಎರಡೂ ಕೈಯಿಂದ ಹೊಲಿಗೆ ಜಗ್ಗುವಳು. ಪಟ್ಟಿ ಅಂಗೈಯಷ್ಟು ಅಗಲ ಇಲ್ಲದಿದ್ದರೆ ಅಲ್ಲಿಗೇ ಕೆಳಗಿಡುವಳು. ಇಷ್ಟೆಲ್ಲ ಸರಿ ಇದ್ದರೆ ಕಲ್ಲು ತುಂಬಿ, ಬೆನ್ನಿಗೆ ಹಾಕಿಕೊಂಡು, ಬೀದಿಯ ಆ ತುದಿಗೆ ಹೋಗಿ ಬರುವಳು. ಭಾರ ಕೆಳಗೆ ಜೋತುಬಿದ್ದು ಸೊಂಟಕ್ಕೆ ಬಡಿದರೆ ಆ ಚೀಲ ಬೇಡ, ಬೆನ್ನಿಗೆ ಅಂಟಿ ಮೇಲೆ ಕುಳಿತರೆ ಸರಿ. ಒಬ್ಬ ಅಂಗಡಿಯವನು ಚೀಲ ಕದ್ದು ಓಡುತ್ತಾಳೆಂದು ತಿಳಿದು ಬೆನ್ನು ಹತ್ತಿದ. ಇನ್ನೊಬ್ಬ ನಾವು ಬರುವುದನ್ನು ದೂರದಿಂದ ಕಂಡೇ ಬಾಗಿಲು ಎಳೆದುಕೊಂಡ. ಕ್ಯಾಂಪಿನ ಆ ಬೀದಿಯಲ್ಲಿ ಅವಳಿಗೆ 'ದಗಡವಾಲೀ ಬಾಯಿ' ಎಂದು ಹೆಸರು ಬಿತ್ತು, ಅಂದರೆ ಕಲ್ಲು ಹೊರುವ ಹೆಂಗಸು.

ಗಟ್ಟಿ ಚೀಲಗಳು ಇರಲಿಲ್ಲ ಅಂತಲ್ಲ. ಇದ್ದವೆಲ್ಲ ಗಂಡಸಿನ ಬೆನ್ನಿಗೆ ಹೊಲಿದವು. ಅವಳು ಹಾಕಿಕೊಂಡರೆ ಸೊಂಟದ ಪಟ್ಟಿ ತೊಡೆಗೆ ಬರುತ್ತಿತ್ತು.

"ಹೆಂಗಸರಿಗೆ ಬೆನ್ನು ಇಲ್ಲಂತ ತಿಳದಾರೇನು ಇವ್ರು? ನೀರಿನ ಕೊಡ ಹೊರಾಕ, ಕೂಸು ಹೊರಾಕ, ಇಟ್ಟಂಗಿ ಹೊರಾಕ ಹೆಂಗಸರು ಬೇಕು. ಒಂದು ಚೀಲ ನಮ್ಮ ಅಳತಿಗೆ ಹೊಲಿಯಾಕ ಇವ್ರ ಕೈ ಮುರದಾವ!" ಬಸ್ ಸ್ಟಾಪಿನಲ್ಲಿ ನಿಂತು ಅವಳು ಹೀಗೆ ಒದರುತ್ತಿದ್ದರೆ ನಾನು ಬೇರೆ ಕಡೆ ನೋಡುತ್ತ ನಿಲ್ಲುತ್ತಿದ್ದೆ. ಆದರೆ ಒಳಗೊಳಗೆ ನನಗೂ ಸಿಟ್ಟು ಬರುತ್ತಿತ್ತು.

ಕಡೆಗೆ ಜೂನಾ ಬಜಾರಿನಲ್ಲಿ, ಹಳೆಯ ಸ್ಟವ್ವು ಮತ್ತು ಸೈಕಲ್ ಚೈನುಗಳ ನಡುವೆ, ದಪ್ಪ ಕ್ಯಾನ್ವಾಸಿನ ಒಂದು ಸ್ಯಾಕ್ ಸಿಕ್ಕಿತು. ಬಣ್ಣ ಹೋಗಿತ್ತು, ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಹೊಲಿಗೆ ಮಾತ್ರ ಜಗ್ಗಿದರೂ ಜಪ್ಪಯ್ಯ ಅನ್ನಲಿಲ್ಲ. ಉದ್ದ ಹೆಚ್ಚಾಗಿತ್ತು. ಖಡಕಿಯಲ್ಲಿ ಲಾರಿಗೆ ಹೊದಿಸುವ ತಾಡಪತ್ರಿ ಹೊಲಿಯುವ ರಂಗೂಬಾಯಿಯ ಹತ್ತಿರ ಒಯ್ದೆವು. ಅವಳು ಮೊದಲು ಒಲ್ಲೆ ಅಂದಳು; ಇಂಥದ್ದನ್ನು ಹೊಲಿದು ಗೊತ್ತಿಲ್ಲ, ಕೆಟ್ಟರೆ ನನ್ನ ಹೆಸರು ಹೇಳುತ್ತೀರಿ ಎಂದಳು. ಶಿವಬಸವ್ವ ಬಿಡಲಿಲ್ಲ. ಅಲ್ಲೇ ಕುಳಿತು ಇಬ್ಬರೂ ಜಗಳಾಡುತ್ತ, ಬಿಚ್ಚುತ್ತ, ಮತ್ತೆ ಹೊಲಿಯುತ್ತ ಎರಡು ಭಾನುವಾರ ಕಳೆದರು. ಪಟ್ಟಿಗಳು ಕೆಳಗೆ ಇಳಿದವು, ಸೊಂಟದ ಬೆಲ್ಟು ಸೊಂಟಕ್ಕೆ ಬಂತು, ಪಟ್ಟಿಯ ಒಳಗೆ ಹಳೆಯ ಕಂಬಳಿಯ ಮೆತ್ತೆ ಕುಳಿತಿತು. ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ಶಿವಬಸವ್ವ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಚಾಳಿನವರು ಯಾರೂ ನೋಡಿರಲಿಲ್ಲ.

ಜನವರಿಯ ಪರೀಕ್ಷೆಗೆ ನಾನೂ ಸಿಂಹಗಡಕ್ಕೆ ಹೋದೆ, ಆದರೆ ಜೀಪಿನಲ್ಲಿ. ನಾನು ಗುಡ್ಡ ಹತ್ತುವವಳಲ್ಲ. ಮೇಲೆ ಮೊಸರು ಮಾರುವವರ ಹತ್ತಿರ ಕುಳಿತು ಕಾದೆ. ಎಲ್ಲರ ಚೀಲವನ್ನೂ ಕೆಳಗೆ ತೂಗಿ ಕಳಿಸಿದ್ದರು. ಮೊದಲು ಮೂವರು ಹುಡುಗರು ಬಂದರು. ಅವರ ಹಿಂದೆಯೇ ಶಿವಬಸವ್ವ, ಬೆವರಿ ತೊಯ್ದು, ಆದರೆ ನೆಟ್ಟಗೆ. ಬಹಳ ಹೊತ್ತಿನ ಮೇಲೆ ಸುಲಭಾ. ಎಲ್ಲರಿಗಿಂತ ಕೊನೆಗೆ ಬಂದವನು ಚಾಂದೋರಕರರ ಅಕ್ಕನ ಮಗ, ಗಿಡ್ಡ ಆಳು. ಮಂಡಳದ ಹೊಸ ಸ್ಯಾಕಿನ ಪಟ್ಟಿ ದಾರಿಯಲ್ಲಿ ಹರಿದು, ಇಬ್ಬರು ಅವನ ಭಾರ ಹಂಚಿಕೊಂಡು ಬಂದಿದ್ದರು.

ಅದೇ ವಾರ ಚಾಂದೋರಕರರ ಮನೆಯಲ್ಲಿ ಸಭೆ. ಅಲ್ಲಿ ನಡೆದದ್ದನ್ನು ಶಿವಬಸವ್ವ ಮತ್ತು ಸುಲಭಾ ಇಬ್ಬರೂ ನನಗೆ ಹೇಳಿದ್ದಾರೆ.

ಚಾಂದೋರಕರರು ಮೊದಲು ಶಿವಬಸವ್ವನನ್ನು ಬಹಳ ಹೊಗಳಿದರು. ಆಮೇಲೆ, ಹಿಮಾಲಯ ಅಂದರೆ ಸಿಂಹಗಡವಲ್ಲ, ಹೆಣ್ಣುಮಕ್ಕಳ ಜವಾಬ್ದಾರಿ ದೊಡ್ಡದು ಎಂದರು. ಹೆಂಗಸರು ಕೆಳಗಿನ ಡೇರೆಯವರೆಗೆ ಬರಬಹುದು, ಮೇಲೆ ಹೋದವರು ಬರುವಷ್ಟರಲ್ಲಿ ಬಿಸಿ ಅಡುಗೆ ನೋಡಿಕೊಂಡರೆ ದೊಡ್ಡ ಉಪಕಾರ ಎಂದರು.

"ಗಂಡು ಹೆಣ್ಣು ಭೇದವಿಲ್ಲ ಅಂದಿದ್ದಿರಿ" ಎಂದಳು ಶಿವಬಸವ್ವ.

"ಈಗಲೂ ಇಲ್ಲ. ಇದು ವ್ಯವಸ್ಥೆಯ ಪ್ರಶ್ನೆ." ಹಾಗೆಂದು ಅವರು ಸ್ವಲ್ಪ ತಡೆದು ಹೇಳಿದರು, "ಇನ್ನೊಂದು ವಿಷಯ. ನಿಮ್ಮ ಸ್ಯಾಕ್ ಬಹಳ ಚೆನ್ನಾಗಿದೆ. ನೀವು ಹೇಗೂ ಮೇಲೆ ಹೋಗುವುದಿಲ್ಲವಲ್ಲ. ಇವನಿಗೆ ಕೊಟ್ಟರೆ ಉಪಯೋಗವಾಗುತ್ತದೆ. ಇವನೂ ನಿಮ್ಮಷ್ಟೇ ಎತ್ತರ."

ಪಕ್ಕದಲ್ಲಿ ಕುಳಿತಿದ್ದ ಅಕ್ಕನ ಮಗ ತಲೆ ತಗ್ಗಿಸಿದನಂತೆ. ಅಷ್ಟಾದರೂ ನಾಚಿಕೆ ಅವನಿಗಿತ್ತು.

ಶಿವಬಸವ್ವ ಎದ್ದು ನಿಂತಳು. "ಭಾರ ಹೊತ್ತು ಹತ್ತಿದವಳು ನಾನು. ಹೊರಲಾರದೆ ಇನ್ನೊಬ್ಬರ ಹೆಗಲಿಗೆ ಹಾಕಿದವನು ಇವನು. ಇವನು ಮೇಲೆ, ನಾನು ಒಲೆಯ ಮುಂದೆ. ಸಾಲದ್ದಕ್ಕೆ ನನ್ನ ಚೀಲವೂ ಬೇಕು! ಕೊಡುವುದಿಲ್ಲ."

ಮಂಡಳದಲ್ಲಿ ಶಿಸ್ತು ಮುಖ್ಯ ಎಂದರು ಚಾಂದೋರಕರರು. ಇವಳು ಶಿಸ್ತಿನ ಬಗ್ಗೆ ಇನ್ನೂ ನಾಲ್ಕು ಮಾತು ಆಡಿ ಹೊರಗೆ ಬಂದಳು. ಮರುವಾರ ಅವಳ ಹೆಸರನ್ನು ಮಂಡಳದಿಂದಲೇ ತೆಗೆದು ಹಾಕಿದ ಸುದ್ದಿ ಬಂತು. ಸುಲಭಾ ಆ ಸಭೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಈಗ ತಾನೂ ಹಿಮಾಲಯಕ್ಕೆ ಹೋಗುವುದಿಲ್ಲ ಎಂದು ಮಂಡಳಕ್ಕೆ ತಿಳಿಸಿದಳು.

ಫಕೀರಪ್ಪ ಕಾಕಾ ಇದರಿಂದ ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರು ಎಲೆಅಡಿಕೆ ಹಾಕಿಕೊಳ್ಳುವುದನ್ನು ಅರ್ಧಕ್ಕೆ ನಿಲ್ಲಿಸಿ ನನ್ನನ್ನು ಕೇಳಿದರು.

"ಅಲ್ಲವಾ ಕಲ್ಲವ್ವಾ, ಅವ್ರಿಗೆ ಚೀಲ ಬೇಕಂತ, ಚೀಲ ಹೊರೂ ಮಗಳು ಬ್ಯಾಡಂತ. ಹಿಂಗೂ ಕೇಳ್ತಾರೇನು ಮಂದಿ?"

"ಕೇಳ್ಯಾರ್ರಿ ಕಾಕಾ."

"ಓದಿದವ್ರು ಅಂತೀರಿ ಮತ್ತ!" ಎಂದು ಎಲೆಯನ್ನು ತಟ್ಟೆಗೆ ಎಸೆದರು. ಆ ದಿನ ಅವರು ಊಟವನ್ನೂ ಸರಿಯಾಗಿ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಮಗಳು ಏಳುವ ಮುಂಚೆ ಎದ್ದು ತಾವೇ ಚಹಾಕ್ಕೆ ಇಟ್ಟಿದ್ದರು. ನಿನ್ನ ಗುಡ್ಡಕ್ಕೆ ಹೊತ್ತಾಗ್ತದ, ಏಳು ಎಂದರಂತೆ.

ಮೇ ತಿಂಗಳಲ್ಲಿ ಮಂಡಳದವರು ಹೋಗಿಬಂದರು. ಹಾರ ಹಾಕಿಸಿಕೊಂಡ ಫೋಟೋ ಮರಾಠಿ ಪತ್ರಿಕೆಯಲ್ಲಿ ಬಂತು. ಜುಲೈಯಲ್ಲಿ ಸದಾಶಿವ ಪೇಟೆಯ ಒಂದು ಸಭಾಗೃಹದಲ್ಲಿ ಅವರ ಪ್ರವಾಸದ ಸ್ಲೈಡು ತೋರಿಸುವ ಕಾರ್ಯಕ್ರಮ, ಎಲ್ಲರಿಗೂ ಪ್ರವೇಶ. ಶಿವಬಸವ್ವ ಹೋಗೋಣ ಅಂದಳು.

"ಯಾಕವಾ ಹೊಟ್ಟಿ ಉರಸ್ಕೊಳ್ಳಾಕ?" ಅಂದೆ.

"ಹಿಮಾಲಯ ಅವ್ರ ಅಪ್ಪಂದಲ್ಲ. ನೋಡಬೇಕು ನನಗ" ಅಂದಳು.

ಮಳೆ ಸುರಿಯುತ್ತಿದ್ದರೂ ಸಭಾಗೃಹ ತುಂಬಿತ್ತು. ಚಾಂದೋರಕರರು ಪರದೆಯ ಪಕ್ಕದಲ್ಲಿ ನಿಂತು ಪೀಠಿಕೆ ಹಾಕಿದರು. ಯಾರೋ ಹೆಂಗಸು ಎದ್ದು, ನಿಮ್ಮ ತಂಡದಲ್ಲಿ ಮಹಿಳೆಯರು ಯಾರೂ ಇರಲಿಲ್ಲವೇ ಎಂದು ಕೇಳಿದಳು. ಅವರು ನಗುತ್ತ ಉತ್ತರಿಸಿದರು, "ಇಬ್ಬರು ಬರುವವರಿದ್ದರು. ಮನೆಯ ಅಡಚಣೆಯಿಂದ ಅವರಿಗೆ ಆಗಲಿಲ್ಲ. ಸಂಸಾರ ಅಂದ ಮೇಲೆ ಅದೆಲ್ಲ ಇದ್ದದ್ದೇ." ಜನರೂ ನಕ್ಕರು. ದೀಪ ಆರಿತು. ಪರದೆಯ ಮೇಲೆ ಮೊದಲ ಹಿಮದ ಬೆಟ್ಟ ಬೆಳಗಿತು.

ನನ್ನ ಪಕ್ಕದ ಕುರ್ಚಿ ಸದ್ದು ಮಾಡಿತು. ಶಿವಬಸವ್ವ ಎದ್ದು ಸಾಲಿನ ನಡುವಿನ ದಾರಿಗೆ ಹೋಗಿ ನಿಂತಿದ್ದಳು. ಪ್ರೊಜೆಕ್ಟರಿನ ಬೆಳಕು ಅವಳ ಬೆನ್ನಿಗೆ ಬಿದ್ದು, ಅವಳ ತಲೆ ಹೆಗಲುಗಳ ಕರಿ ನೆರಳು ಆ ಬಿಳಿ ಬೆಟ್ಟದ ಮೇಲೆ ಮೂಡಿತು.

"ನನಗೆ ಯಾವ ಅಡಚಣೆಯೂ ಇರಲಿಲ್ಲ. ನಾನು ಪರೀಕ್ಷೆಯಲ್ಲಿ ಗೆದ್ದಿದ್ದೆ. ನೀವು ಒಯ್ಯಲಿಲ್ಲ. ಇದ್ದದ್ದು ಹೇಳಿರಿ" ಎಂದಳು ಮರಾಠಿಯಲ್ಲಿ. ದನಿ ಏರಿಸಲಿಲ್ಲ. ದಿನವಿಡೀ ದೂರದೂರುಗಳಿಗೆ ಮಾತಾಡುವ ಆಪರೇಟರಿನ ದನಿ ಅದು, ಕಡೆಯ ಸಾಲಿಗೂ ಕೇಳಿಸಿತು.

"ಆಮೇಲೆ ಮಾತಾಡೋಣ. ದಯವಿಟ್ಟು ಕುಳಿತುಕೊಳ್ಳಿ" ಎಂದರು ಚಾಂದೋರಕರರು.

"ಸುಳ್ಳು ಈಗ ಹೇಳಿದಿರಿ. ನಿಜ ಆಮೇಲೆ ಯಾಕೆ?"

ಹಿಂದಿನಿಂದ "ಬಸಾ, ಬಸಾ", ಕುಳಿತುಕೊಳ್ಳಿ ಎಂದು ಕೂಗತೊಡಗಿದರು. ಯಾರೋ ಸೀಟಿ ಹೊಡೆದರು. ಸ್ಲೈಡು ಬದಲಾಯಿತು, ಮತ್ತೊಂದು ಬೆಟ್ಟ ಬಂತು. ಅದರ ಮೇಲೂ ಅವಳದೇ ನೆರಳು. ಒಬ್ಬ ಗಂಡಸು ಬಂದು ಅವಳ ತೋಳಿಗೆ ಕೈ ಹಾಕಿದ. ಅವಳು ಅವನನ್ನು ಒಮ್ಮೆ ನೋಡಿದ್ದಕ್ಕೇ ಅವನ ಕೈ ಹಿಂದಕ್ಕೆ ಹೋಯಿತು. ಆಗ ಮುಂದಿನ ಸಾಲಿನಿಂದ ಇನ್ನೊಬ್ಬಳು ಎದ್ದು ನಿಂತಳು. ಸುಲಭಾ ಅಲ್ಲಿ ಬಂದಿದ್ದೇ ನಮಗೆ ಗೊತ್ತಿರಲಿಲ್ಲ. "ಅವಳು ಹೇಳಿದ್ದು ನಿಜ. ನನಗೂ ಅಡಚಣೆ ಇರಲಿಲ್ಲ" ಎಂದಳು. ನಾನೂ ಎದ್ದು ನಿಂತೆ. ನನಗೆ ಹೇಳುವುದೇನೂ ಇರಲಿಲ್ಲ, ಆದರೆ ಕುಳಿತಿರಲು ಆಗಲಿಲ್ಲ.

ಕೂಗಾಟ ನಿಂತಿತು. ಈಗ ಜನರು ಚಾಂದೋರಕರರ ಕಡೆಗೆ ನೋಡುತ್ತಿದ್ದರು. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಕಡೆಗೆ, ಇವಳ ಕಡೆ ನೋಡದೆ, "ಸರಿ. ಅವರನ್ನು ನಾವು ಒಯ್ಯಲಿಲ್ಲ" ಎಂದರು.

ಶಿವಬಸವ್ವ ಬಂದು ಕುಳಿತಳು. ಅವಳ ಕೈ ಹಿಡಿದೆ. ಎದ್ದು ಹೋಗೋಣವೇ ಅಂದರೆ ತಲೆಯಾಡಿಸಿ ಬೇಡ ಅಂದಳು. ಕಡೆಯ ಸ್ಲೈಡಿನವರೆಗೂ ರೆಪ್ಪೆ ಬಡಿಯದೆ ನೋಡಿದಳು.

ಮೊದಲು ಪ್ರಶ್ನೆ ಕೇಳಿದ್ದ ಆ ಹೆಂಗಸು ಹೊರಗೆ ಬಂದಾಗ ನಮ್ಮನ್ನು ನಿಲ್ಲಿಸಿ ಮಾತಾಡಿಸಿದಳು. ಮುಂಬಯಿಯಲ್ಲಿ ಹೆಂಗಸರದೇ ಒಂದು ತಂಡವಿದೆ ಎಂದು ಹೇಳಿ ವಿಳಾಸ ಕೊಟ್ಟಳು. 1981ರ ಜೂನ್‌ನಲ್ಲಿ ಶಿವಬಸವ್ವ ಆ ತಂಡದ ಜೊತೆ ಹಿಮಾಲಯಕ್ಕೆ ಹೋದಳು. ಫಕೀರಪ್ಪ ಕಾಕಾ ಸ್ಟೇಷನ್ನಿಗೆ ಬಂದು, ರೊಟ್ಟಿಯ ಗಂಟು ಕೊಟ್ಟು, ಗಾಡಿ ಹೊರಡುವವರೆಗೂ ಅವಳನ್ನು ಬೈಯುತ್ತಲೇ ಇದ್ದರು. ಅವಳು ಮೇಲಿನವರೆಗೂ ಹೋದಳು, ಕಣಿವೆದಾರಿಯನ್ನು ದಾಟಿದಳು.

ಬಂದ ಮೇಲೆ, "ಏನೇನ್ ಕಂಡಿ?" ಎಂದು ಕೇಳಿದೆ.

"ಏನೂ ಇಲ್ಲ! ಬರೇ ಮಂಜು. ನನ್ನ ಕೈ ನನಗ ಕಾಣ್ಲಿಲ್ಲ. ಅಷ್ಟ್ ದೂರ ಹೋದ್ರ ಒಂದ್ ಗಳಿಗಿನಾದ್ರೂ ಸರೀಬಾರ್ದ ಆ ಮಂಜು? ಭಾಳ ಸಿಟ್ಟು ಬಂತ ನನಗ." ಮಂಜನ್ನು ಬೈಯುವಾಗ ಅವಳ ಬಿಸಿಲಿಗೆ ಸುಲಿದ ಮೂಗು ಇನ್ನಷ್ಟು ಕೆಂಪಾಯಿತು.

ಎಂಬತ್ನಾಲ್ಕರಲ್ಲಿ ಮತ್ತೆ ಹೋದಳು. ಆ ಸಲ ಸುಲಭಾಳೂ ಜೊತೆಗಿದ್ದಳು, ಆಕಾಶವೂ ತಿಳಿಯಾಗಿತ್ತಂತೆ.

ಚಾಂದೋರಕರರು ಆಮೇಲೂ ಬಹಳ ವರ್ಷ ಮಂಡಳದ ಕಾರ್ಯದರ್ಶಿಯಾಗಿಯೇ ಇದ್ದರು. ಶಿವಬಸವ್ವನ ಹೆಸರನ್ನು ಮತ್ತೆ ಸೇರಿಸಲಿಲ್ಲ, ಕ್ಷಮೆ ಎಂಬ ಮಾತೂ ಬರಲಿಲ್ಲ. ಅವಳಿಗೆ ಅದರ ಚಿಂತೆ ಹೋಗಿಬಿಟ್ಟಿತ್ತು. ನೆನಸಿಕೊಂಡರೆ ಈಗಲೂ ಸಿಟ್ಟು ಬರುವುದು ನನಗೆ.